ಅರವತ್ತೇಳರಲ್ಲಿ ಕಾಡುದಾರಿ ಹಿಡಿದ ಎಮ್ಮಾ ಅಜ್ಜಿ

1955ರ ಮೇ 3ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಮೌಂಟ್ ಓಗಲ್‌ಥಾರ್ಪ್ ಎಂಬ ಬೆಟ್ಟದಿಂದ ಒಬ್ಬ ಅಜ್ಜಿ ಉತ್ತರ ದಿಕ್ಕಿಗೆ ನಡೆಯಲು ಶುರು ಮಾಡಿದರು. ವಯಸ್ಸು 67. ಕಾಲಲ್ಲಿ ಸಾದಾ ಕ್ಯಾನ್ವಾಸ್ ಶೂ. ಹೆಗಲಿಗೆ ತಾವೇ ಡೆನಿಮ್ ಬಟ್ಟೆಯಲ್ಲಿ ಹೊಲಿದುಕೊಂಡ ಜೋಳಿಗೆ. ಅದರೊಳಗೆ ಒಂದು ಕಂಬಳಿ, ಮಳೆಕೋಟು, ಬಚ್ಚಲುಮನೆಗೆ ಕಟ್ಟುವ ಪ್ಲಾಸ್ಟಿಕ್ ಪರದೆ, ಚಾಕು, ಟಾರ್ಚ್, ಗಾಯಕ್ಕೆ ಹಚ್ಚುವ ಅಯೋಡಿನ್, ಒಂದು ಪುಟ್ಟ ನೋಟ್‌ಬುಕ್ಕು, ಸ್ವಲ್ಪ ಒಣದ್ರಾಕ್ಷಿ, ಕಡಲೆಕಾಯಿ ಬೀಜ ಮತ್ತು ಡಬ್ಬಿಯಲ್ಲಿಟ್ಟ ಮಾಂಸದ ತುಣುಕುಗಳು. ಟೆಂಟ್ ಇಲ್ಲ, ಸ್ಲೀಪಿಂಗ್ ಬ್ಯಾಗ್ ಇಲ್ಲ, ಕೈಯಲ್ಲಿ ನಕ್ಷೆಯೂ ಇಲ್ಲ. ಮಕ್ಕಳಿಗೆ ಅವರು ಹೇಳಿದ್ದು ಇಷ್ಟೇ, ಸ್ವಲ್ಪ ನಡೆದು ಬರುತ್ತೇನೆ ಅಂತ. ಎಲ್ಲಿಗೆ, ಎಷ್ಟು ದೂರ ಎಂಬುದನ್ನು ಹೇಳಿರಲಿಲ್ಲ.

ಅವರು ನಡೆಯಲಿದ್ದ ದೂರ 2,050 ಮೈಲಿ. ನಮ್ಮ ಲೆಕ್ಕದಲ್ಲಿ ಸುಮಾರು 3,300 ಕಿಲೋಮೀಟರ್. ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ಹೊರಟವರು ಮುಕ್ಕಾಲು ದಾರಿ ದಾಟಿ ಮುಂದೆ ಹೋಗುವಷ್ಟು. ಅದೂ ಡಾಂಬರು ರಸ್ತೆಯಲ್ಲಿ ಅಲ್ಲ, ಬೆಟ್ಟ ಹತ್ತಿ ಇಳಿದು ಮತ್ತೆ ಹತ್ತುವ ಕಾಡುದಾರಿಯಲ್ಲಿ. ಆ ಅಜ್ಜಿಯ ಹೆಸರು ಎಮ್ಮಾ ಗೇಟ್‌ವುಡ್. ಅಪಲಾಚಿಯನ್ ಟ್ರೇಲ್ ಎಂದು ಕರೆಯುವ ಆ ದಾರಿಯನ್ನು ಒಂದೇ ಪ್ರಯಾಣದಲ್ಲಿ, ಒಬ್ಬರೇ ನಡೆದು ಮುಗಿಸಿದ ಮೊದಲ ಮಹಿಳೆ ಅವರು.

ನಾನು ಪದವಿ ಮುಗಿಸಿ ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಹುಡುಗಿ. ಸಾಧಕರ ಜೀವನ ಕಥೆಗಳು ನಮ್ಮಂಥವರ ಮೇಜಿನ ಮೇಲೆ ಯಾವಾಗಲೂ ಇರುತ್ತವೆ. ಪ್ರಬಂಧ ಬರೆಯಲು, ಸಂದರ್ಶನದಲ್ಲಿ ಹೇಳಲು ಬೇಕಾಗುತ್ತವೆ. ಆದರೆ ಹೆಚ್ಚಿನ ಕಥೆಗಳಲ್ಲಿ ಸಾಧಕರು ಇಪ್ಪತ್ತಕ್ಕೇ ದಾರಿ ಕಂಡುಕೊಂಡಿರುತ್ತಾರೆ, ಮೂವತ್ತಕ್ಕೆ ಗೆದ್ದಿರುತ್ತಾರೆ. ಪ್ರತಿ ಅಧಿಸೂಚನೆ ಬಂದಾಗಲೂ ಮೊದಲು ವಯೋಮಿತಿಯ ಸಾಲನ್ನು ನೋಡುವ ನಮಗೆ ಇಂಥ ಕಥೆಗಳಿಂದ ಧೈರ್ಯಕ್ಕಿಂತ ಗಾಬರಿಯೇ ಜಾಸ್ತಿ ಆಗುತ್ತದೆ. ಎಮ್ಮಾ ಅವರ ಬದುಕು ಹಾಗಿಲ್ಲ. ಅದಕ್ಕೇ ಅದನ್ನು ಇಲ್ಲಿ ಹೇಳಬೇಕು ಅನಿಸಿತು.

ಹದಿನೈದು ಮಕ್ಕಳಲ್ಲಿ ಒಬ್ಬಳು

ಎಮ್ಮಾ ಹುಟ್ಟಿದ್ದು 1887ರ ಅಕ್ಟೋಬರ್ 25ರಂದು, ಒಹಾಯೊ ರಾಜ್ಯದ ಗ್ಯಾಲಿಯಾ ಎಂಬ ಜಿಲ್ಲೆಯಲ್ಲಿ. ತವರಿನ ಹೆಸರು ಕಾಲ್ಡ್‌ವೆಲ್. ಮನೆಯಲ್ಲಿ ಹದಿನೈದು ಮಕ್ಕಳು. ತಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದವರು, ಆಮೇಲೆ ಕುಡಿತ ಮತ್ತು ಜೂಜಿಗೆ ಬಿದ್ದವರು. ಮನೆ ನಡೆಸುವ ಭಾರವೆಲ್ಲ ತಾಯಿಯ ಮೇಲೆ. ಹೊಲದ ಕೆಲಸದ ನಡುವೆ ಬಿಡುವಾದಾಗ ಮಾತ್ರ ಶಾಲೆ. ಒಂದೇ ಕೋಣೆಯ ಶಾಲೆಯಲ್ಲಿ ಎಂಟನೇ ತರಗತಿಗೆ ಓದು ನಿಂತಿತು. ಆದರೆ ಓದುವ ಹವ್ಯಾಸ ನಿಲ್ಲಲಿಲ್ಲ. ಕೈಗೆ ಸಿಕ್ಕಿದ ವಿಶ್ವಕೋಶ, ಗ್ರೀಕ್ ಕಥೆಗಳು ಎಲ್ಲವನ್ನೂ ಓದಿಕೊಳ್ಳುತ್ತಿದ್ದರು. ಪದ್ಯ ಬರೆಯುತ್ತಿದ್ದರು. ಯಾವ ಗಿಡದ ಎಲೆ ತಿನ್ನಬಹುದು, ಯಾವುದರ ಬೇರು ಔಷಧಿಗೆ ಬರುತ್ತದೆ ಎಂಬುದು ಹೊಲ ಕಾಡುಗಳಲ್ಲಿ ಓಡಾಡಿಯೇ ತಿಳಿದಿತ್ತು. ಐವತ್ತು ವರ್ಷ ಕಳೆದ ಮೇಲೆ ಈ ತಿಳಿವಳಿಕೆ ಅವರ ಹೊಟ್ಟೆ ತುಂಬಿಸಲಿತ್ತು.

1907ರಲ್ಲಿ, 19ನೇ ವಯಸ್ಸಿಗೆ ಮದುವೆಯಾಯಿತು. ವರ ಪಿ. ಸಿ. ಗೇಟ್‌ವುಡ್. ಕಾಲೇಜು ಓದಿದವನು, ಶಾಲೆಯಲ್ಲಿ ಮೇಷ್ಟ್ರು, ಆಮೇಲೆ ಜಮೀನು ಮಾಡಿಕೊಂಡವನು. ಊರವರ ಕಣ್ಣಿಗೆ ಒಳ್ಳೆಯ ಸಂಬಂಧ. ಕೆಲವೇ ತಿಂಗಳಲ್ಲಿ ಅವನು ಕೈ ಎತ್ತಿದ. ಮುಂದಿನ ಮೂವತ್ತಕ್ಕೂ ಹೆಚ್ಚು ವರ್ಷ ಅದು ನಿಲ್ಲಲಿಲ್ಲ. ಹನ್ನೊಂದು ಮಕ್ಕಳನ್ನು ಹೆತ್ತು, ಅಡುಗೆ, ಬಟ್ಟೆ, ದನಕರು, ತಂಬಾಕು ಹೊಲ ಎಲ್ಲ ನೋಡಿಕೊಂಡು, ಅದರ ಜೊತೆಗೆ ಏಟನ್ನೂ ತಿನ್ನಬೇಕಿತ್ತು. ಗುರುತು ಸಿಗದಷ್ಟು ಮುಖ ಊದಿಕೊಂಡ ದಿನಗಳಿದ್ದವು. ಎದುರು ಮಾತನಾಡಿದರೆ ಹುಚ್ಚಾಸ್ಪತ್ರೆಗೆ ಸೇರಿಸುವ ಬೆದರಿಕೆ.

ಹೊಡೆತ ತಾಳಲಾರದೆ ಹೋದಾಗ ಎಮ್ಮಾ ಮನೆಯ ಹಿಂದಿನ ಕಾಡಿಗೆ ಓಡಿ ಹೋಗುತ್ತಿದ್ದರು. ಅಲ್ಲಿ ಮರಗಳ ನಡುವೆ ಒಬ್ಬರೇ ಕುಳಿತಿದ್ದು, ಮನೆ ತಣ್ಣಗಾದ ಮೇಲೆ ವಾಪಸ್ ಬರುತ್ತಿದ್ದರು. ಒಂಟಿ ಹೆಂಗಸಿಗೆ ಕಾಡು ಅಪಾಯದ ಜಾಗ ಎಂದು ನಾವೆಲ್ಲ ಹೇಳುತ್ತೇವೆ. ಎಮ್ಮಾಗೆ ಅಪಾಯ ಇದ್ದದ್ದು ಮನೆಯೊಳಗೆ. ಅವರ ಮುಂದಿನ ಬದುಕನ್ನು ಅರ್ಥ ಮಾಡಿಕೊಳ್ಳಲು ಈ ಒಂದು ವಿಷಯ ಗೊತ್ತಿದ್ದರೆ ಸಾಕು ಅನಿಸುತ್ತದೆ ನನಗೆ.

ಚಿಗವ್ವ ಕೇಳಿದ ಒಂದೇ ಪ್ರಶ್ನೆ

1930ರ ದಶಕದ ಕೊನೆಯಲ್ಲಿ ಒಮ್ಮೆ ಎಮ್ಮಾ ಮನೆ ಬಿಟ್ಟು ಹೋದರು. ತಾಯಿ ಮತ್ತು ಒಡಹುಟ್ಟಿದವರು ದೂರದ ಕ್ಯಾಲಿಫೋರ್ನಿಯಾದಲ್ಲಿದ್ದರು. ಅಲ್ಲಿಗೆ ಹೋಗಿ ಸೇರಿಕೊಂಡರು. ದೊಡ್ಡ ಮಕ್ಕಳು ಆಗಲೇ ತಮ್ಮ ತಮ್ಮ ದಾರಿ ಹಿಡಿದಿದ್ದರು. ಚಿಕ್ಕ ಹೆಣ್ಣುಮಕ್ಕಳು ಮಾತ್ರ ಒಹಾಯೊದಲ್ಲೇ ಉಳಿದರು.

ನಮ್ಮ ಬಳಗದಲ್ಲಿ ನಾನು ಚಿಗವ್ವ ಎಂದು ಕರೆಯುವ ಒಬ್ಬರಿದ್ದಾರೆ. ಊರು, ಹೆಸರು ಬೇಡ. ಅವರ ಸಂಸಾರದ ವಿಷಯವನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಹೊಂದಿಕೊಂಡು ಹೋಗಬೇಕು ಎಂಬ ಒಂದು ಮಾತನ್ನು ಎಲ್ಲ ಹಿರಿಯರೂ ಅವರಿಗೆ ಹೇಳಿದ್ದಾರೆ. ಹೋದ ದೀಪಾವಳಿಗೆ ಊರಿಗೆ ಹೋದಾಗ, ಕರಜಿಕಾಯಿ ಕಟ್ಟುತ್ತ ಕುಳಿತಿದ್ದ ಅವರಿಗೆ ಈ ಅಜ್ಜಿಯ ಕಥೆ ಹೇಳಿದೆ. ಮೂರು ಸಾವಿರ ಕಿಲೋಮೀಟರ್ ನಡೆದದ್ದು, ಹಾವು ಕಂಡದ್ದು, ಟಿವಿಯಲ್ಲಿ ಬಂದದ್ದು ಎಲ್ಲವನ್ನೂ ಕೇಳಿಸಿಕೊಂಡರು. ಅದ್ಯಾವುದರ ಬಗ್ಗೆಯೂ ಏನೂ ಅನ್ನಲಿಲ್ಲ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. ಆಕೆ ಓಡಿ ಹೋದಾಗ ಆ ಸಣ್ಣ ಹುಡುಗಿಯರನ್ನು ಯಾರು ನೋಡಿಕೊಂಡರು ಅಂತ.

ಎಮ್ಮಾರನ್ನು ಕಾಡಿದ್ದೂ ಅದೇ ಪ್ರಶ್ನೆ. ಮಕ್ಕಳನ್ನು ಬಿಟ್ಟಿರಲಾಗದೆ ಅವರು ಅದೇ ಮನೆಗೆ ಮರಳಿದರು. ಮರಳಿದ್ದಕ್ಕೆ ಮತ್ತೆ ಏಟು ಬಿತ್ತು. ಹೊಡೆಯುವವನನ್ನು ಬಿಟ್ಟು ಬರುವುದು ಒಂದು ದಿನದ ಧೈರ್ಯದ ಕೆಲಸ ಎಂದು ಹೊರಗಿನವರು ತಿಳಿಯುತ್ತಾರೆ. ಎಮ್ಮಾಗೆ ಅದಕ್ಕೆ ವರ್ಷಗಳೇ ಬೇಕಾದವು.

1939ರಲ್ಲಿ ಒಂದು ದಿನ ಹೊಡೆತಕ್ಕೆ ಹಲ್ಲು ಮುರಿಯಿತು, ಪಕ್ಕೆಲುಬು ಬಿರುಕು ಬಿಟ್ಟಿತು. ಆ ದಿನ ಎಮ್ಮಾ ಸುಮ್ಮನಿರಲಿಲ್ಲ, ಕೈಗೆ ಸಿಕ್ಕ ಹಿಟ್ಟಿನ ಚೀಲವನ್ನು ಗಂಡನ ಮೇಲೆ ಎಸೆದರು. ಪೊಲೀಸರು ಬಂದು ಹಿಡಿದುಕೊಂಡು ಹೋದದ್ದು ಗಂಡನನ್ನಲ್ಲ, ಎಮ್ಮಾರನ್ನು. ಆ ಪುಟ್ಟ ಪಟ್ಟಣದ ಮೇಯರ್ ಅವರ ಮುಖದ ಗಾಯಗಳನ್ನು ನೋಡಿ, ಜೈಲಿನಿಂದ ಬಿಡಿಸಿ ತಮ್ಮ ಮನೆಗೆ ಕರೆದುಕೊಂಡು ಹೋಗಿ ಆಶ್ರಯ ಕೊಟ್ಟರು. 1941ರಲ್ಲಿ ವಿಚ್ಛೇದನ ಸಿಕ್ಕಿತು. ಚಿಕ್ಕ ಮಕ್ಕಳು ತಾಯಿಯ ಜೊತೆಗೇ ಬಂದರು. ಆಗ ಎಮ್ಮಾಗೆ 53 ವರ್ಷ.

ನಮ್ಮ ದೇಶದಲ್ಲಿ ಈಗ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಇದೆ. 181 ಎಂಬ ಸಹಾಯವಾಣಿ ಇದೆ. ಪರೀಕ್ಷೆಗೆ ಇವನ್ನು ನಾವು ಬಾಯಿಪಾಠ ಮಾಡಿರುತ್ತೇವೆ. ನಮ್ಮ ಮನೆಯ ಹೆಂಗಸರಿಗೆ ಇವು ಗೊತ್ತೇ ಎಂದು ಒಮ್ಮೆ ಕೇಳಿ ನೋಡಿ. ನಾನು ಆ ದೀಪಾವಳಿಯ ದಿನ ಆ ನಂಬರನ್ನು ಚಿಗವ್ವನ ಫೋನಿನಲ್ಲಿ ಸೇವ್ ಮಾಡಿಕೊಟ್ಟು ಬಂದೆ.

ಹಳೆಯ ಪತ್ರಿಕೆಯ ಒಂದು ಲೇಖನ

ವಿಚ್ಛೇದನದ ನಂತರ ಎಮ್ಮಾ ಅಲ್ಲಿ ಇಲ್ಲಿ ದುಡಿದರು. ಆಸ್ಪತ್ರೆಯಲ್ಲಿ ಕೆಲಸ ಮಾಡಿದರು, ವಯಸ್ಸಾದವರನ್ನು ನೋಡಿಕೊಂಡರು, ಉಳಿದ ಮಕ್ಕಳನ್ನು ದಡ ಸೇರಿಸಿದರು. 1950ರ ದಶಕದ ಆರಂಭದಲ್ಲಿ ಒಮ್ಮೆ, ವೈದ್ಯರ ಬಳಿ ಕಾಯುತ್ತ ಕುಳಿತಿದ್ದಾಗ, 1949ರ ಒಂದು ಹಳೆಯ ನ್ಯಾಷನಲ್ ಜಿಯಾಗ್ರಫಿಕ್ ಸಂಚಿಕೆ ಅವರ ಕೈಗೆ ಸಿಕ್ಕಿತು. ಅದರಲ್ಲಿ ಅಪಲಾಚಿಯನ್ ಟ್ರೇಲ್ ಬಗ್ಗೆ ಬಣ್ಣದ ಚಿತ್ರಗಳ ಲೇಖನವಿತ್ತು.

ಈ ದಾರಿಯ ಕಥೆಯೂ ಚೆನ್ನಾಗಿದೆ. ಅಮೆರಿಕದ ಪೂರ್ವ ಭಾಗದಲ್ಲಿ ದಕ್ಷಿಣೋತ್ತರವಾಗಿ ಹಬ್ಬಿರುವ ಅಪಲಾಚಿಯನ್ ಬೆಟ್ಟಸಾಲಿನ ಮೇಲೆ ಉದ್ದಕ್ಕೂ ಕಾಲುದಾರಿ ಇರಬೇಕು ಎಂದು 1921ರಲ್ಲಿ ಬೆಂಟನ್ ಮಕಾಯ್ ಎಂಬ ಅರಣ್ಯ ತಜ್ಞರು ಸಲಹೆ ಮಾಡಿದರು. ಕಾರ್ಖಾನೆ, ಕಚೇರಿಗಳಲ್ಲಿ ಬೇಯುವ ನಗರದ ಜನ ಉಸಿರಾಡಲು ಒಂದು ಜಾಗ ಬೇಕು ಎಂಬುದು ಅವರ ಆಸೆ. ಅದನ್ನು ಕಟ್ಟಿದವರು ಹೆಚ್ಚಾಗಿ ಸ್ವಯಂಸೇವಕರು. ರಜಾದಿನಗಳಲ್ಲಿ ಬಂದು ಗಿಡಗಂಟಿ ಕಡಿದು, ಮರಗಳ ಮೇಲೆ ಬಿಳಿ ಬಣ್ಣದ ಪಟ್ಟಿ ಬಳಿದು, ಅಲ್ಲಲ್ಲಿ ಮೂರು ಗೋಡೆಯ ತಂಗುಮನೆ ಕಟ್ಟಿ, 1937ರಲ್ಲಿ ಹದಿನಾಲ್ಕು ರಾಜ್ಯಗಳನ್ನು ಜೋಡಿಸಿದರು. ಹನ್ನೊಂದು ವರ್ಷ ಯಾರೂ ಅದನ್ನು ಒಂದೇ ಉಸಿರಿಗೆ ನಡೆದು ಮುಗಿಸಿದ್ದು ದಾಖಲಾಗಲಿಲ್ಲ. 1948ರಲ್ಲಿ ಎರ್ಲ್ ಶಾಫರ್ ಎಂಬ ಮಾಜಿ ಸೈನಿಕ ನಡೆದು ಮುಗಿಸಿದ. ಎರಡನೇ ಮಹಾಯುದ್ಧದಲ್ಲಿ ಗೆಳೆಯನನ್ನು ಕಳೆದುಕೊಂಡಿದ್ದ ಅವನಿಗೆ ಯುದ್ಧವನ್ನು ಮೈಯಿಂದ ಇಳಿಸಿಕೊಳ್ಳಬೇಕಿತ್ತು. ಎಮ್ಮಾ ಕೂಡ ಒಂದು ಯುದ್ಧ ಮುಗಿಸಿ ಬಂದವರೇ. ಅದು ಮನೆಯೊಳಗಿನದ್ದು, ಅಷ್ಟೇ ವ್ಯತ್ಯಾಸ.

ಆರೋಗ್ಯವಾಗಿರುವ ಯಾರು ಬೇಕಾದರೂ ಈ ದಾರಿಯಲ್ಲಿ ನಡೆಯಬಹುದು ಎಂಬ ಅರ್ಥ ಬರುವಂತೆ ಆ ಲೇಖನದಲ್ಲಿತ್ತು. ಯಾವ ಹೆಣ್ಣೂ ಇದನ್ನು ಒಬ್ಬಳೇ ನಡೆದು ಮುಗಿಸಿಲ್ಲ ಎಂಬುದು ಎಮ್ಮಾ ಮನಸ್ಸಿನಲ್ಲಿ ಕುಳಿತಿತು.

ಮೊದಲ ಸಲ ಸೋಲು

1954ರ ಬೇಸಿಗೆಯಲ್ಲಿ, 66ನೇ ವಯಸ್ಸಿನಲ್ಲಿ, ಎಮ್ಮಾ ದಾರಿಯ ಉತ್ತರ ತುದಿಯಾದ ಮೇನ್ ರಾಜ್ಯಕ್ಕೆ ಹೋಗಿ ಕಟಾಡಿನ್ ಬೆಟ್ಟದಿಂದ ಹೊರಟರು. ಕಟಾಡಿನ್‌ನಿಂದ ಇಳಿದರೆ ಮುಂದೆ ಸಿಗುವುದು ಇಡೀ ದಾರಿಯಲ್ಲೇ ಅತ್ಯಂತ ನಿರ್ಜನವಾದ ಕಾಡು. ಊರಿಲ್ಲ, ಅಂಗಡಿಯಿಲ್ಲ. ಕೆಲವೇ ದಿನಗಳಲ್ಲಿ ಅವರಿಗೆ ದಾರಿ ತಪ್ಪಿತು. ಕನ್ನಡಕ ಒಡೆಯಿತು. ತಿನ್ನಲು ಇಟ್ಟುಕೊಂಡಿದ್ದೂ ಮುಗಿಯುತ್ತ ಬಂತು. ಕೊನೆಗೆ ಅರಣ್ಯ ಸಿಬ್ಬಂದಿ ಹುಡುಕಿ ಕರೆತಂದು, ಮನೆಗೆ ಹೋಗಿ ಎಂದು ಬುದ್ಧಿ ಹೇಳಿ ಕಳಿಸಿದರು.

ಎಮ್ಮಾ ಮನೆಗೆ ಹೋದರು. ಸೋತದ್ದನ್ನು ಯಾರಿಗೂ ಹೇಳಲಿಲ್ಲ. ಮುಂದಿನ ವರ್ಷ ಮತ್ತೆ ಹೊರಟಾಗ ಒಂದು ದೊಡ್ಡ ಬದಲಾವಣೆ ಮಾಡಿಕೊಂಡಿದ್ದರು. ಈ ಸಲ ದಕ್ಷಿಣದಿಂದ ಉತ್ತರಕ್ಕೆ. ಇದರಲ್ಲಿ ದೊಡ್ಡ ಜಾಣತನವಿದೆ. ದಕ್ಷಿಣದ ಜಾರ್ಜಿಯಾದಲ್ಲಿ ವಸಂತ ಬೇಗ ಬರುತ್ತದೆ. ಅಲ್ಲಿಂದ ಮೇ ತಿಂಗಳಲ್ಲಿ ಹೊರಟರೆ, ಚಿಗುರು ಉತ್ತರಕ್ಕೆ ಸಾಗಿದಂತೆ ನಡೆಯುವವರೂ ಸಾಗುತ್ತಾರೆ. ಬೇಸಿಗೆ ನಡುಭಾಗದಲ್ಲಿ ಕಳೆಯುತ್ತದೆ. ಅತಿ ಕಷ್ಟದ ಉತ್ತರ ಭಾಗಕ್ಕೆ ತಲುಪುವಷ್ಟರಲ್ಲಿ ಕಾಲು ಪಳಗಿರುತ್ತದೆ. ಆದರೆ ತಡ ಮಾಡುವ ಹಾಗಿಲ್ಲ. ಚಳಿಗಾಲ ಬಂದರೆ ಕಟಾಡಿನ್ ಹತ್ತಲಾಗದು. ಋತುವಿನ ಜೊತೆ ಹೆಜ್ಜೆ ಹಾಕಬೇಕು, ಕೊನೆಯಲ್ಲಿ ಅದಕ್ಕಿಂತ ಮುಂದೆ ಓಡಬೇಕು. ಮೊದಲ ಸಲದ ಸೋಲು ಎಂದರೆ ಶಕ್ತಿಯ ಸೋಲಲ್ಲ, ಯಾವ ತುದಿಯಿಂದ ಶುರು ಮಾಡಬೇಕು ಎಂಬುದರ ಪಾಠ. ಪ್ರಿಲಿಮ್ಸ್‌ನಲ್ಲಿ ಎರಡು ಸಲ ಸೋತ ಮೇಲೆ ಅದೇ ಪುಸ್ತಕವನ್ನು ಅದೇ ಕ್ರಮದಲ್ಲಿ ಮೂರನೇ ಸಲ ಓದುತ್ತಿರುವ ಗೆಳತಿಯೊಬ್ಬಳಿಗೆ ನಾನು ಇದನ್ನು ಹೇಳಿದ್ದೇನೆ.

ಮೂರು ಋತು, ಹದಿನಾಲ್ಕು ರಾಜ್ಯ

ಮೇ ತಿಂಗಳ ಜಾರ್ಜಿಯಾ ಮತ್ತು ನಾರ್ತ್ ಕ್ಯಾರೊಲಿನಾ ಬೆಟ್ಟಗಳಲ್ಲಿ ಹಗಲು ಹಿತ, ರಾತ್ರಿ ನಡುಕ. ಎಮ್ಮಾ ಚಪ್ಪಟೆ ಕಲ್ಲುಗಳನ್ನು ಬೆಂಕಿಯಲ್ಲಿ ಕಾಯಿಸಿ ಅವುಗಳ ಮೇಲೆ ಮಲಗುತ್ತಿದ್ದರು. ತಂಗುಮನೆ ಸಿಕ್ಕರೆ ಅಲ್ಲಿ, ಸಿಗದಿದ್ದರೆ ಒಣ ಎಲೆಗಳ ರಾಶಿಯ ಮೇಲೆ. ಮಳೆ ಬಂದರೆ ಬಚ್ಚಲುಮನೆಯ ಪರದೆ. ದಾರಿ ಬದಿಯ ಕಾಡುಸೊಪ್ಪು, ಕಾಡು ಸ್ಟ್ರಾಬೆರಿ ಬಾಲ್ಯದಿಂದಲೇ ಪರಿಚಯ. ಹತ್ತಿರ ಊರಿದ್ದರೆ ಇಳಿದು ಹೋಗಿ ಬಾಗಿಲು ತಟ್ಟುತ್ತಿದ್ದರು. ಕೆಲವರು ಒಳಗೆ ಕರೆದು ಊಟ ಹಾಕಿ ಹಾಸಿಗೆ ಕೊಟ್ಟರು. ಕೆಲವರು ಭಿಕ್ಷುಕಿ ಎಂದು ಬಾಗಿಲು ಮುಚ್ಚಿದರು. ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮುಂದೆ ನಡೆದರು.

ನಾನು ಕಾಲೇಜಿನ ತಂಡದ ಜೊತೆ ಒಮ್ಮೆ ಕುಮಾರ ಪರ್ವತ ಹತ್ತಿದ್ದೇನೆ. ಎರಡು ದಿನದ ಚಾರಣಕ್ಕೆ ನಮ್ಮಲ್ಲಿ ಕೆಲವರ ಬೆನ್ನ ಮೇಲೆ ಹತ್ತು ಹನ್ನೆರಡು ಕೆ.ಜಿ. ಭಾರವಿತ್ತು. ಐದು ತಿಂಗಳಿಗೆ ಹೊರಟ ಎಮ್ಮಾ ಅವರ ಜೋಳಿಗೆ ಸಾಮಾನ್ಯವಾಗಿ 9 ಕೆ.ಜಿ. ದಾಟುತ್ತಿರಲಿಲ್ಲ. ಕಡಿಮೆ ಭಾರದಲ್ಲಿ ದೂರ ನಡೆಯುವ ಪದ್ಧತಿ ಇಂದು ಚಾರಣಿಗರಲ್ಲಿ ದೊಡ್ಡ ಫ್ಯಾಷನ್. ದುಬಾರಿ ಸಾಮಾನು ಕೊಂಡು ಹಾಗೆ ನಡೆಯುವವರು ತಮ್ಮ ಗುರು ಎಂದು ನೆನೆಯುವುದು ಈ ಅಜ್ಜಿಯನ್ನು. ಅವರ ಬಳಿ ಸಾಮಾನು ಕಡಿಮೆ ಇದ್ದದ್ದು, ಬದುಕಿಡೀ ಕಡಿಮೆಯಲ್ಲೇ ನಡೆಸಿ ಗೊತ್ತಿದ್ದರಿಂದ.

ಜೂನ್ ಹೊತ್ತಿಗೆ ವರ್ಜೀನಿಯಾ. ಆ ರಾಜ್ಯವೊಂದರಲ್ಲೇ ದಾರಿಯ ಸುಮಾರು ಕಾಲು ಭಾಗವಿದೆ. ಅಲ್ಲಿ ಪತ್ರಿಕೆಯವರಿಗೆ ಸುದ್ದಿ ತಿಳಿಯಿತು. ಮೊದಮೊದಲು ಎಮ್ಮಾ ತಪ್ಪಿಸಿಕೊಳ್ಳಲು ನೋಡಿದರು. ಒಮ್ಮೆ ರೋನೋಕ್ ಪಟ್ಟಣದ ಪತ್ರಿಕೆಯಲ್ಲಿ ಬಂದ ಮೇಲೆ ಸುದ್ದಿ ದೇಶವೆಲ್ಲ ಹರಡಿತು. ಅಮ್ಮ ಎಲ್ಲಿದ್ದಾಳೆ, ಏನು ಮಾಡುತ್ತಿದ್ದಾಳೆ ಎಂಬುದು ಮಕ್ಕಳಿಗೆ ಸರಿಯಾಗಿ ತಿಳಿದದ್ದು ಹೀಗೆ. ಮುಂದಿನ ಊರುಗಳಲ್ಲಿ ಜನ ಕಾದು ನಿಂತು ನೋಡತೊಡಗಿದರು. ಎಲ್ಲರ ಬಾಯಲ್ಲೂ ಅವರು ಗ್ರ್ಯಾಂಡ್ಮಾ ಗೇಟ್‌ವುಡ್ ಆದರು.

ಜುಲೈ ಸೆಕೆಯಲ್ಲಿ ಪೆನ್ಸಿಲ್ವೇನಿಯಾದ ಚೂಪು ಕಲ್ಲಿನ ದಾರಿ. ಆ ಕಲ್ಲುಗಳು ಗಟ್ಟಿ ಬೂಟುಗಳನ್ನೇ ತಿಂದು ಹಾಕುತ್ತವೆ. ಎಮ್ಮಾ ಅವರ ಕ್ಯಾನ್ವಾಸ್ ಶೂಗಳು ಇಡೀ ಪ್ರಯಾಣದಲ್ಲಿ ಆರೇಳು ಜೊತೆ ಸವೆದವು. ಬಾಲದಿಂದ ಗಿಲಕಿ ಸದ್ದು ಮಾಡುವ ವಿಷದ ಹಾವುಗಳು ಎದುರಾದವು. ಕಾಲು ಊದಿಕೊಂಡಿತು. ನಡಿಗೆ ನಿಲ್ಲಲಿಲ್ಲ.

ಆಗಸ್ಟ್‌ನಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಕೆಲವೇ ದಿನಗಳ ಅಂತರದಲ್ಲಿ ಎರಡು ಚಂಡಮಾರುತಗಳು ಅಪ್ಪಳಿಸಿದವು. ಹೆಸರು ಕೋನಿ ಮತ್ತು ಡಯಾನ್. ಮೊದಲನೆಯದು ನೆಲವನ್ನು ನೆನೆಸಿ ಬಿಟ್ಟಿತ್ತು. ಹಾಗಾಗಿ ಎರಡನೆಯದು ಸುರಿದ ನೀರನ್ನೆಲ್ಲ ನೆಲ ಹೀರದೆ ಹೊಳೆಗಳಿಗೆ ಬಿಟ್ಟಿತು. ಪ್ರವಾಹದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಎಮ್ಮಾ ಆಗ ನ್ಯೂ ಇಂಗ್ಲೆಂಡ್ ಭಾಗದ ಬೆಟ್ಟಗಳಲ್ಲಿದ್ದರು. ವರ್ಮಾಂಟ್ ರಾಜ್ಯದಲ್ಲಿ ಉಕ್ಕಿ ಹರಿಯುತ್ತಿದ್ದ ಒಂದು ಹೊಳೆ ಎದುರಾಯಿತು. ಈಜು ಬಾರದ ಅಜ್ಜಿ ದಡದಲ್ಲಿ ಕಾದರು. ನೌಕಾಪಡೆಯ ಇಬ್ಬರು ಯುವಕರು ಅದೇ ದಾರಿಯಲ್ಲಿ ಬಂದವರು, ಹಗ್ಗದಿಂದ ತಮಗೂ ಅವರಿಗೂ ಸೇರಿಸಿ ಕಟ್ಟಿಕೊಂಡು, ನಡುವೆ ಇಟ್ಟುಕೊಂಡು ದಾಟಿಸಿದರು. ಮುಂದೆ ಮೇನ್ ರಾಜ್ಯದ ಕೆನೆಬೆಕ್ ನದಿಯನ್ನು ಅಲ್ಲಿನ ವನ್ಯಜೀವಿ ಸಿಬ್ಬಂದಿ ದೋಣಿಯಲ್ಲಿ ದಾಟಿಸಿದರು.

ಒಬ್ಬಂಟಿ ಸಾಧನೆ ಎಂದು ಬರೆಯುವಾಗ ನಾವು ಇವರನ್ನೆಲ್ಲ ಮರೆಯುತ್ತೇವೆ. ಎಮ್ಮಾ ಒಬ್ಬರೇ ನಡೆದದ್ದು ನಿಜ. ಆದರೆ ಎಲ್ಲಿ ಕಾಯಬೇಕು, ಯಾರ ಬಳಿ ಕೈ ಚಾಚಬೇಕು ಎಂಬುದೂ ಅವರಿಗೆ ಗೊತ್ತಿತ್ತು. ಯಾರ ಸಹಾಯವೂ ಇಲ್ಲದೆ ಗೆಲ್ಲುತ್ತೇನೆ ಎಂದು ರೂಮಿನ ಬಾಗಿಲು ಹಾಕಿಕೊಂಡು ಕೂರುವ ನಮ್ಮಂಥವರು ಇದನ್ನು ಗಮನಿಸಬೇಕು.

ಸೆಪ್ಟೆಂಬರ್‌ನಲ್ಲಿ ನ್ಯೂ ಹ್ಯಾಂಪ್‌ಷೈರ್‌ನ ವೈಟ್ ಮೌಂಟನ್ಸ್. ಅಲ್ಲಿನ ಮೌಂಟ್ ವಾಷಿಂಗ್ಟನ್ ಶಿಖರದಲ್ಲಿ 1934ರಲ್ಲಿ ಗಂಟೆಗೆ 372 ಕಿ.ಮೀ. ವೇಗದ ಗಾಳಿ ದಾಖಲಾಗಿದೆ. ಮರಗಳು ಬೆಳೆಯಲಾರದ ಎತ್ತರ, ಮೈ ಕೊರೆಯುವ ಗಾಳಿ. ಅದನ್ನು ದಾಟಿದರೆ ಮೇನ್. ಅಲ್ಲಿ ಮೇಪಲ್ ಮರಗಳು ಕೆಂಪಾಗುವ ಕಾಲ. ಮೇ ತಿಂಗಳಲ್ಲಿ ಚಿಗುರಿನ ನಡುವೆ ಹೊರಟವರು ಎಲೆ ಉದುರುವ ಹೊತ್ತಿಗೆ ಕೊನೆಯ ಬೆಟ್ಟದ ಬುಡಕ್ಕೆ ಬಂದಿದ್ದರು. ಹೋದ ವರ್ಷ ಅವರನ್ನು ಮನೆಗೆ ಕಳಿಸಿದ್ದ ಅದೇ ಕಾಡು, ಅದೇ ಕಟಾಡಿನ್.

1955ರ ಸೆಪ್ಟೆಂಬರ್ 25ರಂದು, ಹೊರಟ 146ನೇ ದಿನ, ಎಮ್ಮಾ ಸುಮಾರು 1,600 ಮೀಟರ್ ಎತ್ತರದ ಆ ಶಿಖರದ ಮೇಲೆ ನಿಂತರು. ಅಲ್ಲಿದ್ದ ಪುಸ್ತಕದಲ್ಲಿ ಹೆಸರು ಬರೆದು, ತಮ್ಮ ದೇಶದ ಒಂದು ಹಾಡು ಹಾಡಿದರು. ಚಪ್ಪಾಳೆ ತಟ್ಟಲು ಜೊತೆಗೆ ಬಂದವರು ಯಾರೂ ಇರಲಿಲ್ಲ.

ಪತ್ರಿಕೆಗಳು ಬರೆಯದ ಭಾಗ

ಆಮೇಲೆ ಪ್ರಚಾರವೋ ಪ್ರಚಾರ. ಟಿವಿ ಕಾರ್ಯಕ್ರಮಗಳಿಗೆ ಕರೆ ಬಂತು. ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ ಅವರ ಬಗ್ಗೆ ಬರೆಯಿತು. ದಾರಿ ಹಲವು ಕಡೆ ಹಾಳಾಗಿದೆ, ಗುರುತುಗಳು ಅಳಿಸಿವೆ, ತಂಗುಮನೆಗಳು ಕೆಟ್ಟಿವೆ ಎಂದು ಎಮ್ಮಾ ಮುಲಾಜಿಲ್ಲದೆ ಹೇಳಿದರು. ಲೇಖನದಲ್ಲಿ ಓದಿದ್ದಕ್ಕೂ ಕಾಲಡಿ ಕಂಡದ್ದಕ್ಕೂ ಸಂಬಂಧವಿಲ್ಲ ಎಂಬುದು ಅವರ ದೂರು. ಅಜ್ಜಿಯ ಮಾತಿಗೆ ಬೆಲೆ ಬಂತು. ದಾರಿಯ ಕಡೆಗೆ ಜನರ ಗಮನ ಹರಿಯಿತು, ನಿರ್ವಹಣೆಯೂ ಸುಧಾರಿಸಿತು. 1968ರಲ್ಲಿ ಅಮೆರಿಕ ಸರ್ಕಾರ ಕಾನೂನು ಮಾಡಿ ಅದನ್ನು ರಾಷ್ಟ್ರೀಯ ಮಾರ್ಗವೆಂದು ಘೋಷಿಸಿತು.

ಆದರೆ ಪತ್ರಿಕೆಯವರು ಗಂಡನ ಬಗ್ಗೆ ಕೇಳಿದಾಗ ಎಮ್ಮಾ ತಾವು ವಿಧವೆ ಎನ್ನುತ್ತಿದ್ದರು. ಗಂಡ ಬದುಕಿಯೇ ಇದ್ದ. ಏಕೆ ನಡೆದಿರಿ ಎಂಬ ಪ್ರಶ್ನೆಗೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ. ಮಜಕ್ಕೆ ಎಂದರು, ಬೆಟ್ಟದ ಆಚೆ ಏನಿದೆ ನೋಡಲು ಎಂದರು. ಜನರಿಗೆ ತಮಾಷೆಯ, ಗಟ್ಟಿಮುಟ್ಟಾದ ಅಜ್ಜಿ ಇಷ್ಟವಾದಳು. ಮುರಿದ ಹಲ್ಲಿನ ಕಥೆ ಯಾರಿಗೂ ಗೊತ್ತಾಗಲಿಲ್ಲ. ಅವರು ತೀರಿಕೊಂಡು ನಾಲ್ಕು ದಶಕಗಳ ನಂತರ, 2014ರಲ್ಲಿ, ಬೆನ್ ಮಾಂಟ್ಗೊಮರಿ ಎಂಬ ಪತ್ರಕರ್ತ ದಿನಚರಿಗಳನ್ನು ಓದಿ, ಮಕ್ಕಳನ್ನು ಮಾತನಾಡಿಸಿ ಪುಸ್ತಕ ಬರೆದಾಗ ಅದು ಹೊರಜಗತ್ತಿಗೆ ತಿಳಿಯಿತು.

ಎಮ್ಮಾ ಸುಳ್ಳು ಹೇಳಿದರೇ? ನಾನು ಹಾಗೆ ನೋಡುವುದಿಲ್ಲ. ನಡೆದು ಗೆದ್ದ ಮೇಲೂ ತನ್ನ ಕಥೆಯ ನಾಯಕ ಆ ಮನುಷ್ಯನೇ ಆಗುವುದು ಅವರಿಗೆ ಬೇಡವಾಗಿತ್ತು ಎಂದು ಕಾಣುತ್ತದೆ. ಆದರೆ ಹೇಳಿದ್ದರೆ, 1955ರಲ್ಲಿ ಪತ್ರಿಕೆ ಓದುತ್ತಿದ್ದ ಎಷ್ಟೋ ಹೆಂಗಸರಿಗೆ ಆ ಕಥೆಯ ಈ ಅರ್ಧವೇ ಹೆಚ್ಚು ಬೇಕಾಗಿತ್ತೇನೋ ಎಂದೂ ಅನಿಸುತ್ತದೆ. ಎರಡೂ ಮಾತು ನನಗೆ ನಿಜವೇ. ಹೇಳುವುದು ಬಿಡುವುದು ಅವರ ಹಕ್ಕು. ಕೇಳುವ ಕಿವಿ ಇಟ್ಟುಕೊಳ್ಳುವುದು ಸುತ್ತಲಿನವರ ಕೆಲಸ. ಅಂದಿನ ಆ ಮೇಯರ್ ಮಾಡಿದ್ದು ಅದನ್ನೇ, ಮುಖ ನೋಡಿದರು, ಅರ್ಥ ಮಾಡಿಕೊಂಡರು, ಮನೆಗೆ ಕರೆದುಕೊಂಡು ಹೋದರು.

ನಿಲ್ಲದ ಕಾಲು

ಒಮ್ಮೆ ಮುಗಿಸಿದ್ದು ಸಾಲಲಿಲ್ಲ. 1957ರಲ್ಲಿ, 69ನೇ ವಯಸ್ಸಿನಲ್ಲಿ, ಅದೇ ದಾರಿಯನ್ನು ಎರಡನೇ ಸಲ ಪೂರ್ತಿ ನಡೆದರು. ಮೂರನೇ ಸಲ ತುಂಡು ತುಂಡಾಗಿ ನಡೆದು 1964ರಲ್ಲಿ ಮುಗಿಸಿದಾಗ ಎಪ್ಪತ್ತೈದು ದಾಟಿತ್ತು. ಅದನ್ನು ಮೂರು ಸಲ ನಡೆದ ಮೊದಲ ವ್ಯಕ್ತಿ, ಗಂಡು ಹೆಣ್ಣು ಎಲ್ಲರನ್ನೂ ಸೇರಿಸಿ, ಅವರೇ. ನಡುವೆ 1959ರಲ್ಲಿ, ಆರೆಗಾನ್ ರಾಜ್ಯದ ಶತಮಾನೋತ್ಸವದ ಸಮಯಕ್ಕೆ, ಹಿಂದೆ ವಲಸಿಗರು ಬಂಡಿ ಹೂಡಿಕೊಂಡು ಹೋದ ದಾರಿ ಹಿಡಿದು ಮಿಸೌರಿಯ ಇಂಡಿಪೆಂಡೆನ್ಸ್ ಪಟ್ಟಣದಿಂದ ಪೋರ್ಟ್‌ಲ್ಯಾಂಡ್‌ವರೆಗೆ ಸುಮಾರು 2,000 ಮೈಲಿ ನಡೆದರು. ಅವರನ್ನು ನೋಡಲು ಅಲ್ಲಿ ಸಾವಿರಾರು ಜನ ಸೇರಿದ್ದರು.

ಹೊರಗೆ ಹೆಸರು ಮಾಡಿ ಊರು ಮರೆಯಲಿಲ್ಲ. ಒಹಾಯೊದಲ್ಲೇ ಒಂದು ಉದ್ದದ ಕಾಲುದಾರಿ ಮಾಡಬೇಕು ಎಂದು ಹೊರಟ ಬಕೈ ಟ್ರೇಲ್ ಗುಂಪಿನ ಆರಂಭದ ಸದಸ್ಯರಲ್ಲಿ ಅವರೂ ಒಬ್ಬರು. ದಾರಿ ಹುಡುಕಿ, ಗಂಟಿ ಕಡಿದು, ಗುರುತು ಬಳಿಯುವ ಕೆಲಸಕ್ಕೂ ಇಳಿದರು. ಇಂದು ಆ ದಾರಿ 1,400 ಮೈಲಿಗೂ ಹೆಚ್ಚು ಉದ್ದವಾಗಿ ಇಡೀ ರಾಜ್ಯವನ್ನು ಸುತ್ತಿ ಬರುತ್ತದೆ. ತಾವು ನಡೆದ ದಾರಿಯನ್ನು ಬೇರೆ ಯಾರೋ ಸ್ವಯಂಸೇವಕರು ಮಾಡಿಟ್ಟಿದ್ದರು ಎಂಬ ಋಣ ಅವರಿಗೆ ನೆನಪಿದ್ದಿರಬೇಕು.

1973ರ ಜೂನ್ 4ರಂದು, 85ನೇ ವಯಸ್ಸಿನಲ್ಲಿ, ಹುಟ್ಟಿದ ಜಿಲ್ಲೆಯಲ್ಲೇ ಎಮ್ಮಾ ತೀರಿಕೊಂಡರು. 2012ರಲ್ಲಿ ಅಪಲಾಚಿಯನ್ ಟ್ರೇಲ್‌ನ ಗೌರವ ಪಟ್ಟಿಗೆ ಅವರ ಹೆಸರು ಸೇರಿತು. ಒಹಾಯೊದ ಹಾಕಿಂಗ್ ಹಿಲ್ಸ್ ಎಂಬಲ್ಲಿ ಆರು ಮೈಲಿಯ ಒಂದು ದಾರಿಗೆ ಅವರ ಹೆಸರಿದೆ. ಗುಹೆ, ಜಲಪಾತಗಳ ನಡುವೆ ಹೋಗುವ ಆ ದಾರಿಯಲ್ಲಿ ಜನವರಿಯ ಚಳಿಯಲ್ಲಿ ಒಂದು ದಿನ ಸಾವಿರಾರು ಜನ ಸೇರಿ ನಡೆಯುತ್ತಾರೆ. ಆ ನಡಿಗೆ 1960ರ ದಶಕದಲ್ಲಿ ಆರಂಭವಾದಾಗ, ಕೆಂಪು ಟೋಪಿ ಹಾಕಿಕೊಂಡು ಮುಂದೆ ನಡೆಯುತ್ತಿದ್ದವರು ಸ್ವತಃ ಎಮ್ಮಾ.

ಅವರ ಬದುಕನ್ನು ಮೂರು ತುಂಡು ಮಾಡಿ ನೋಡುತ್ತೇನೆ ನಾನು. ಮೊದಲ ಹತ್ತೊಂಬತ್ತು ವರ್ಷ ತವರಿಗೆ ಹೋಯಿತು. ನಂತರದ ಮೂವತ್ತನಾಲ್ಕು ವರ್ಷ ಆ ಮದುವೆಗೆ ಹೋಯಿತು. ಉಳಿದ ಮೂವತ್ತೆರಡು ವರ್ಷ ಮಾತ್ರ ಅವರದ್ದು. ನಾವು ಇಂದು ಅವರ ಹೆಸರು ಹೇಳುತ್ತಿರುವುದು ಆ ಕೊನೆಯ ತುಂಡಿನಿಂದ, ಅದರಲ್ಲೂ ಕೊನೆಯ ಹದಿನೆಂಟು ವರ್ಷಗಳಿಂದ. ಸರ್ಕಾರಿ ಅರ್ಜಿಗಳಿಗೆ ವಯೋಮಿತಿ ಇದ್ದೇ ಇರುತ್ತದೆ, ಅದನ್ನು ಯಾವ ಅಜ್ಜಿಯ ಕಥೆಯೂ ಬದಲಿಸುವುದಿಲ್ಲ. ಒಂದು ಅರ್ಜಿಯ ಬಾಗಿಲು ಮುಚ್ಚಿತು ಎಂದರೆ ವಯಸ್ಸೇ ಮುಗಿಯಿತು ಎಂದುಕೊಳ್ಳುವ ನನ್ನ ವಯಸ್ಸಿನವರಿಗೆ ಈ ಲೆಕ್ಕವನ್ನಾದರೂ ತೋರಿಸಬಹುದು. ಮತ್ತು ಮನೆಯಲ್ಲಿ ಐವತ್ತು ದಾಟಿದ, ಇನ್ನು ನನ್ನದೇನಿದೆ ಎನ್ನುವ ಅವ್ವ, ಚಿಗವ್ವ, ಅತ್ತೆ ಯಾರಾದರೂ ಇದ್ದರೆ, ಅವರ ಪಕ್ಕ ಕುಳಿತು ಎಮ್ಮಾ ಅಜ್ಜಿಯ ಕಥೆಯನ್ನು ಪೂರ್ತಿ ಹೇಳಿ. ಹಿಟ್ಟಿನ ಚೀಲದ ಭಾಗವನ್ನೂ ಬಿಡದೆ ಹೇಳಿ.